ಪಂಪಿಂಗ್ 30 ಪರ್ಸೆಂಟ್ ಇರುವವರಿಗೆ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ನಿವೃತ್ತ ಮೇಷ್ಟ್ರು. ಮೂರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೇವೆ. ಹೃದಯದ ಎಕೋ ಸ್ಕ್ಯಾನಿನಲ್ಲಿ ಪಂಪಿಂಗ್ 30 ಪರ್ಸೆಂಟ್ ಎಂದು ಬಂದಿದೆ. ಐದು ವಾರದ ಹಿಂದೆ ದಮ್ಮು ಜಾಸ್ತಿಯಾಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು, ನೀರು ತೆಗೆದು ಮನೆಗೆ ಕಳಿಸಿದರು. ಈಗಲೂ ಸಂಜೆ ಹೊತ್ತಿಗೆ ಪಾದ ಊದುತ್ತದೆ, ಎರಡು ದಿಂಬು ಇಟ್ಟುಕೊಂಡು ಮಲಗುತ್ತಾರೆ. ಪಿತ್ತಕೋಶದಲ್ಲಿ ಕಲ್ಲುಗಳಿವೆ. ನಾಲ್ಕು ತಿಂಗಳಲ್ಲಿ ಎರಡು ಸಲ ಜೋರು ನೋವು ಬಂದಿದೆ. ಸರ್ಜನ್ ಮುಂದಿನ ವಾರ ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ) ಪಿತ್ತಕೋಶ ತೆಗೆಯೋಣ ಎನ್ನುತ್ತಾರೆ. ಹೃದಯದ ಡಾಕ್ಟರು ಚೀಟಿಯಲ್ಲಿ ‘ಹೈ ರಿಸ್ಕ್, ಫಿಟ್’ ಎಂದು ಬರೆದುಕೊಟ್ಟಿದ್ದಾರೆ. ರಿಸ್ಕ್ ಇದ್ದರೆ ಫಿಟ್ ಹೇಗೆ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿಸಿದರೆ ಅಪಾಯ ಕಡಿಮೆಯಾ? ಯಾವ ಮಾತ್ರೆ ನಿಲ್ಲಿಸಬೇಕು?
– ಅರಸೀಕೆರೆಯಿಂದ ಓದುಗರೊಬ್ಬರು

ಉತ್ತರ: ನಾನು ಅರಿವಳಿಕೆ ಕೊಡುವ ಡಾಕ್ಟರು. ಹಾಗಾಗಿ ಈ ‘ಹೈ ರಿಸ್ಕ್, ಫಿಟ್’ ಚೀಟಿ ಕೊನೆಗೆ ಬಂದು ಸೇರುವುದು ನನ್ನಂಥವರ ಕೈಗೇ. ವಾರಕ್ಕೆ ನಾಲ್ಕೈದಾದರೂ ನೋಡುತ್ತೇನೆ. ನೇರವಾಗಿ ಹೇಳುತ್ತೇನೆ: ನಿಮ್ಮ ತಂದೆಯವರ ಆಪರೇಷನ್ ಬೇಕಾಗಿದೆ, ಆದರೆ ಮುಂದಿನ ವಾರ ಬೇಡ. ಪಂಪಿಂಗ್ 30 ಇದೆ ಅಂತಲ್ಲ. ಪಾದ ಊದಿದೆ, ದಿಂಬು ಎರಡಾಗಿವೆ, ಅದಕ್ಕೆ.

ಆ ಎರಡು ಪದಗಳ ಅರ್ಥ ಮೊದಲು ನೋಡೋಣ. ‘ಫಿಟ್’ ಅಂದರೆ ಹೃದಯದ ಕಡೆಯಿಂದ ಈಗಲೇ ರಿಪೇರಿ ಮಾಡಬೇಕಾದ್ದು ಏನೂ ಕಾಣುತ್ತಿಲ್ಲ ಎಂದಷ್ಟೆ. ‘ಹೈ ರಿಸ್ಕ್’ ಅಂದರೆ ಏನಾದರೂ ಆದರೆ ನಾನು ಹೇಳಿರಲಿಲ್ಲ ಅನ್ನಬೇಡಿ ಎಂದು. ಎರಡೂ ಸುಳ್ಳಲ್ಲ. ಆದರೆ ನಿಮಗೆ ಬೇಕಾದ ಉತ್ತರ ಎರಡರಲ್ಲೂ ಇಲ್ಲ. ಈ ಹೃದಯ ಇದಕ್ಕಿಂತ ಒಳ್ಳೆಯ ಸ್ಥಿತಿಗೆ ಬರಬಹುದಾ, ಬರುವುದಾದರೆ ಅಲ್ಲಿಯವರೆಗೆ ಪಿತ್ತಕೋಶ ಕಾಯುತ್ತದಾ? ಡಾಕ್ಟರನ್ನು ಕೇಳಬೇಕಾದ್ದು ಇದನ್ನು. ನಾವು ವೈದ್ಯರೂ ಚೀಟಿ ಬರೆಸಿಕೊಳ್ಳುವ ಅಭ್ಯಾಸಕ್ಕೆ ಬಿದ್ದು ಇದನ್ನು ಕೇಳುವುದನ್ನೇ ಬಿಟ್ಟಿದ್ದೇವೆ.

ನಿಮ್ಮ ತಂದೆಗಿರುವುದು ಹಾರ್ಟ್ ಫೇಲ್ಯೂರ್. ಆ ಹೆಸರೇ ಜನರನ್ನು ಹೆದರಿಸುತ್ತದೆ. ಹೃದಯ ನಿಂತುಹೋಯಿತು ಎಂದಲ್ಲ ಅದರ ಅರ್ಥ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿಲ್ಲ, ಅಥವಾ ತಳ್ಳಿದರೂ ಹಿಂದೆ ಒತ್ತಡ ಏರಿ ಶ್ವಾಸಕೋಶದಲ್ಲೋ ಕಾಲಲ್ಲೋ ನೀರು ನಿಲ್ಲುತ್ತಿದೆ ಎಂದು. ನೀವು ಪಂಪಿಂಗ್ ಎನ್ನುವುದು ಎಕೋ ರಿಪೋರ್ಟಿನ ‘ಇ.ಎಫ್.’. ಅಂದರೆ ಎಡ ಹೃತ್ಕುಕ್ಷಿಯಲ್ಲಿ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕ. ಆರೋಗ್ಯವಂತರಲ್ಲೂ ಅದು 100 ಇರುವುದಿಲ್ಲ, 55ರಿಂದ 70 ಇರುತ್ತದೆ ಅಷ್ಟೆ. ಹಾಗಾಗಿ 30 ಅಂದರೆ ಹೃದಯದ 70 ಭಾಗ ಸತ್ತಿದೆ ಎಂದು ಲೆಕ್ಕ ಹಾಕಿ ಅಳುತ್ತಾ ಬರಬೇಡಿ. ಹಾಗೆ ಬಂದವರಿದ್ದಾರೆ. ಇನ್ನೊಂದು ಕಡೆ, ಇ.ಎಫ್. 55 ಇದ್ದೂ ಹಾರ್ಟ್ ಫೇಲ್ಯೂರ್ ಇರುವವರೂ ಬೇಕಾದಷ್ಟಿದ್ದಾರೆ. ಅವರ ಹೃದಯ ಚೆನ್ನಾಗಿ ಹಿಂಡುತ್ತದೆ, ಆದರೆ ಗಟ್ಟಿಯಾಗಿದೆ, ಸಡಿಲಗೊಂಡು ತುಂಬಿಕೊಳ್ಳುವುದಿಲ್ಲ. ವಯಸ್ಸಾದ, ಬಿಪಿ ಮತ್ತು ಶುಗರ್ ಇರುವ ಹೆಂಗಸರಲ್ಲಿ ಇದು ಜಾಸ್ತಿ. ‘ಪಂಪಿಂಗ್ ಚೆನ್ನಾಗಿದೆಯಂತೆ’ ಎಂದು ಇವರನ್ನು ನಿರಾಳವಾಗಿ ಆಪರೇಷನ್ನಿಗೆ ಕಳಿಸುತ್ತಾರೆ. ಆಮೇಲೆ ಎರಡು ಬಾಟ್ಲಿ ಡ್ರಿಪ್ಪಿಗೇ ದಮ್ಮು ಶುರು.

ಈಗ ಅಂಕಿ. 2019ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಮೊದಲೇ ದಿನ ಗೊತ್ತುಮಾಡಿ ನಡೆಸಿದ, ಹೃದಯಕ್ಕೆ ಸಂಬಂಧವಿಲ್ಲದ ಆಪರೇಷನ್ನುಗಳು, ಸುಮಾರು ಆರು ಲಕ್ಷ ಜನ. ಅವರಲ್ಲಿ 48 ಸಾವಿರದಷ್ಟು ಜನರಿಗೆ ಹಾರ್ಟ್ ಫೇಲ್ಯೂರ್ ಇತ್ತು. ಆಪರೇಷನ್ ಆಗಿ 90 ದಿನದೊಳಗೆ ತೀರಿಕೊಂಡವರು, ಹಾರ್ಟ್ ಫೇಲ್ಯೂರ್ ಇಲ್ಲದವರಲ್ಲಿ ನೂರಕ್ಕೆ 1.2, ಇದ್ದವರಲ್ಲಿ ನೂರಕ್ಕೆ 5.5. ನನಗೆ ಮುಖ್ಯ ಅನ್ನಿಸಿದ್ದು ಇದರ ಒಳಗಿನ ಲೆಕ್ಕ. ಕಾಯಿಲೆ ಇದ್ದೂ ಆ ಹೊತ್ತಿಗೆ ದಮ್ಮು, ಊತ ಏನೂ ಇಲ್ಲದವರಲ್ಲಿ ಅದು ನೂರಕ್ಕೆ 5ರ ಒಳಗಿತ್ತು. ದಮ್ಮು, ಊತ ಇಟ್ಟುಕೊಂಡೇ ಆಪರೇಷನ್ ಮಾಡಿಸಿಕೊಂಡವರಲ್ಲಿ 10 ದಾಟಿತ್ತು. ಒಂದೇ ಕಾಯಿಲೆ, ಅಪಾಯ ಎರಡು ಪಟ್ಟು. ಅಂದೇ ಮನೆಗೆ ಕಳಿಸುವ ಸಣ್ಣ ಆಪರೇಷನ್ನುಗಳ ಬಗ್ಗೆ ಅದೇ ತಂಡ ಬೇರೆಯಾಗಿ ನೋಡಿತು. ಅಲ್ಲಿ ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ನೂರಕ್ಕೆ 2, ಇಲ್ಲದವರಲ್ಲಿ 0.4.

ಈ ಸಂಖ್ಯೆಗಳನ್ನು ನಿಮ್ಮ ತಂದೆಯ ಜಾತಕ ಎಂದುಕೊಳ್ಳಬೇಡಿ. ಅಲ್ಲಿದ್ದವರು ಹೆಚ್ಚಿನಂಶ ಗಂಡಸರು, ದೇಶ ಬೇರೆ, ಆಪರೇಷನ್ನುಗಳೂ ಹತ್ತಾರು ಬಗೆ. ನಮ್ಮಲ್ಲಿ ಈ ಕಾಯಿಲೆ ಬರುವ ವಯಸ್ಸೂ ಬೇರೆ. ತಿರುವನಂತಪುರದ ಹಾರ್ಟ್ ಫೇಲ್ಯೂರ್ ನೋಂದಣಿಯಲ್ಲಿ ರೋಗಿಗಳ ಸರಾಸರಿ ವಯಸ್ಸು 61ರ ಆಸುಪಾಸು. ಪಶ್ಚಿಮದ ದೇಶಗಳಿಗಿಂತ ಹತ್ತು ವರ್ಷದಷ್ಟು ಚಿಕ್ಕವರು. ಆದರೂ ದಮ್ಮು ಇದ್ದವರು ಮತ್ತು ಇಲ್ಲದವರ ನಡುವಿನ ಆ ಅಂತರ ಇದೆಯಲ್ಲ, ಅದು ಎಲ್ಲಿ ನೋಡಿದರೂ ಕಾಣುತ್ತದೆ.

ಇದು ಹೊಸ ವಿಷಯವೂ ಅಲ್ಲ. 1977ರಲ್ಲಿ ಲೀ ಗೋಲ್ಡ್‌ಮನ್ ಮತ್ತು ಅವರ ಜೊತೆಗಾರರು ಬಾಸ್ಟನ್ನಿನಲ್ಲಿ 1,001 ರೋಗಿಗಳನ್ನು ನೋಡಿ, ಆಪರೇಷನ್ ಸಮಯದ ಹೃದಯದ ಅಪಾಯಕ್ಕೆ ಅಂಕ ಕೊಡುವ ಪಟ್ಟಿ ಮಾಡಿದರು. ಅದರಲ್ಲಿ ಅತಿ ಹೆಚ್ಚು, 11 ಅಂಕ, ಯಾವುದಕ್ಕೆ ಗೊತ್ತಾ? ಸ್ಟೆತಾಸ್ಕೋಪಿನಲ್ಲಿ ಕೇಳುವ ಮೂರನೇ ಹೃದಯ ಸದ್ದು ಅಥವಾ ಕತ್ತಿನ ರಕ್ತನಾಳ ಉಬ್ಬಿರುವುದಕ್ಕೆ. ಆರು ತಿಂಗಳೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೂ ಅದಕ್ಕಿಂತ ಒಂದು ಅಂಕ ಕಡಿಮೆ! ಅಂದರೆ ಎಕೋ ಮನೆಮಾತಾಗುವ ಮುಂಚೆಯೇ ಇದು ಗೊತ್ತಿತ್ತು. ಅಪಾಯ ಇರುವುದು ನಿಂತ ನೀರಿನಲ್ಲಿ. ಕತ್ತು ನೋಡಿದರೆ, ಪಾದ ಒತ್ತಿದರೆ, ರಾತ್ರಿ ಎಷ್ಟು ದಿಂಬು ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ನಿಮ್ಮ ತಂದೆಯ ಪಾದದ ಮೇಲ್ಭಾಗವನ್ನು ಇವತ್ತು ಸಂಜೆ ಹೆಬ್ಬೆರಳಲ್ಲಿ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ಮೈಯಲ್ಲಿ ಇನ್ನೂ ನೀರಿರುವ ಸಾಧ್ಯತೆ ಜಾಸ್ತಿ. ಐದು ವಾರದ ಹಿಂದೆ ತೆಗೆದದ್ದು ಪೂರ್ತಿ ಹೋಗಿಲ್ಲ, ಅಥವಾ ಮತ್ತೆ ತುಂಬುತ್ತಿದೆ. ಊತಕ್ಕೆ ಬೇರೆ ಕಾರಣವೂ ಇರಬಹುದು, ಬಿಪಿಯ ಕೆಲವು ಮಾತ್ರೆಗೂ ಕಾಲು ಊದುತ್ತದೆ. ಆದರೆ ಎರಡು ದಿಂಬಿನ ಜೊತೆ ಊತ ಅಂದರೆ ನಾನು ಹೃದಯವನ್ನೇ ಮೊದಲು ದೂರುತ್ತೇನೆ. ಅನುಮಾನವಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತ ಪರೀಕ್ಷೆ ಇದೆ, ಹೃದಯದ ಮೇಲೆ ಎಳೆತ ಬಿದ್ದಷ್ಟೂ ಅದು ಏರುತ್ತದೆ.

ಇಲ್ಲಿಂದ ಸರ್ಜನ್ ಮತ್ತು ಹೃದಯದ ಡಾಕ್ಟರು ಒಂದು ಸಲ ಫೋನಿನಲ್ಲಿ ಮಾತಾಡಿಕೊಳ್ಳಬೇಕು. ನೀವು ಚೀಟಿ ಹಿಡಿದು ಓಡಾಡಿದರೆ ಆಗದು. ನಾನಾಗಿದ್ದರೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಮಾಡಿಸುವುದು) ಸರಿಮಾಡಿ, ಹೃದಯದ ಉಳಿದ ಔಷಧಿಗಳ ಡೋಸ್ ನಿಧಾನಕ್ಕೆ ಏರಿಸಿ, ಅವರು ಒಂದೇ ದಿಂಬಿನಲ್ಲಿ ಮಲಗಿ, ತೂಕ ಎರಡು-ಮೂರು ವಾರ ಅಲುಗಾಡದೆ ನಿಂತ ಮೇಲೆ ಆಪರೇಷನ್ ದಿನ ಕೇಳುತ್ತಿದ್ದೆ. ಔಷಧಿ ಸರಿಯಾಗಿ ಹಿಡಿದರೆ ಮೂರು ತಿಂಗಳಲ್ಲಿ ಕೆಲವರ ಇ.ಎಫ್. ಏರುವುದೂ ಉಂಟು.

ಆದರೆ ಕಲ್ಲು ಕಾಯುತ್ತದಾ? ಇದೇ ಕಷ್ಟದ ಭಾಗ. ಸ್ಕ್ಯಾನಿನಲ್ಲಿ ಸುಮ್ನೆ ಕಂಡ, ನೋವೇ ಕೊಡದ ಕಲ್ಲಾಗಿದ್ದರೆ ‘ಅದರ ಪಾಡಿಗೆ ಅದು ಇರಲಿ’ ಎನ್ನುತ್ತಿದ್ದೆ. ಹೃದಯ ಚೆನ್ನಾಗಿರುವವರಿಗೇ ಅಂಥ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನಿಮ್ಮ ತಂದೆಗೆ ಎರಡು ಸಲ ನೋವು ಬಂದಿದೆ. ಮತ್ತೆ ಬರುವ ಸಾಧ್ಯತೆ ಹೆಚ್ಚು. ಪಿತ್ತಕೋಶ ಕೀವಾಗಿ, ಜ್ವರ ಬಂದು, ಬಿಪಿ ಬಿದ್ದು, ರಾತ್ರೋರಾತ್ರಿ ಮಾಡುವ ಆಪರೇಷನ್ ಇದೆಯಲ್ಲ, ಈ ಹೃದಯಕ್ಕೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆದ್ದರಿಂದ ‘ಹಾರ್ಟ್ ವೀಕ್, ಆಪರೇಷನ್ನೇ ಬೇಡ’ ಎಂದು ಕೈಬಿಡುವುದೂ ತಪ್ಪು. ಕೆಲವು ವಾರ ಕಾಯುವುದು ಬೇರೆ, ಮುಂದೂಡುತ್ತಲೇ ಹೋಗುವುದು ಬೇರೆ. ಅಷ್ಟರೊಳಗೆ ಜ್ವರ, ಚಳಿ, ಕಣ್ಣು ಹಳದಿ, ಐದಾರು ಗಂಟೆಯಾದರೂ ಇಳಿಯದ ನೋವು – ಇವುಗಳಲ್ಲಿ ಒಂದು ಬಂದರೂ ಈ ಕಾಯುವ ಲೆಕ್ಕವೆಲ್ಲ ರದ್ದು. ಆಗ ನೇರ ಆಸ್ಪತ್ರೆ. ಬೇರೇನೂ ದಾರಿಯಿಲ್ಲದಾಗ ಚರ್ಮದ ಮೂಲಕ ಪಿತ್ತಕೋಶಕ್ಕೆ ಸಣ್ಣ ಕೊಳವೆ ಹಾಕಿ ಕೀವು ಹರಿಸಿ ಸಮಯ ಗಳಿಸುವುದೂ ಉಂಟು.

(ಸೊಂಟ ಮುರಿದಿದ್ದರೆ ನನ್ನ ಉತ್ತರ ಪೂರ್ತಿ ಉಲ್ಟಾ. ಅಲ್ಲಿ ಎರಡು ದಿನದೊಳಗೆ ಆಪರೇಷನ್ ಆಗಬೇಕು. ಹೃದಯ ಸುಧಾರಿಸಲಿ ಎಂದು ವಾರಗಟ್ಟಲೆ ಮಲಗಿಸಿಟ್ಟರೆ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಗಡ್ಡೆ, ಬೆನ್ನಲ್ಲಿ ಹುಣ್ಣು ಎಲ್ಲ ಬಂದು ಅವೇ ತೆಗೆದುಕೊಂಡು ಹೋಗುತ್ತವೆ. ಕಣ್ಣಿನ ಪೊರೆಯಾದರೆ ಹನಿ ಹಾಕಿ ಮರಗಟ್ಟಿಸಿ ಮಾಡುತ್ತಾರೆ. ಹೃದಯಕ್ಕೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಅಂಗಾತ ಮಲಗಲು ಆಗುತ್ತದಾ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ.)

ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೇಫ್ ಅಲ್ವಾ ಎಂದು ನನ್ನನ್ನು ಕೇಳದ ಮನೆಯವರೇ ಇಲ್ಲ. ಅದು ಸೊಂಟದ ಕೆಳಗಿನ ರಕ್ತನಾಳಗಳನ್ನು ಒಮ್ಮೆಲೇ ಸಡಿಲ ಮಾಡುತ್ತದೆ. ಬಿಪಿ ಕುಸಿಯುತ್ತದೆ. ಒಳ್ಳೆಯ ಹೃದಯ ವೇಗ ಹೆಚ್ಚಿಸಿ ಸರಿದೂಗಿಸುತ್ತದೆ. ಸುಸ್ತಾದ ಹೃದಯಕ್ಕೆ, ಅದರಲ್ಲೂ ಮಹಾಪಧಮನಿಯ ಕವಾಟ ಕಿರಿದಾಗಿರುವವರಿಗೆ, ಅದು ಸುಲಭವಲ್ಲ. 2021ರಲ್ಲಿ ಸೊಂಟ ಮುರಿದ 1,600 ಜನರ ಮೇಲೆ ಬೆನ್ನಿನ ಇಂಜೆಕ್ಷನ್, ಪೂರ್ತಿ ಪ್ರಜ್ಞೆ ತಪ್ಪಿಸುವುದು, ಈ ಎರಡೂ ವಿಧಾನ ಹೋಲಿಸಿ ನೋಡಿದರು. ಎರಡು ತಿಂಗಳ ನಂತರ ಬದುಕಿದವರು, ನಡೆಯುವವರು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಕೈಗೋ ಕಾಲಿಗೋ ಆಪರೇಷನ್ ಆದರೆ ಆ ಭಾಗದ ನರಕ್ಕೆ ಮಾತ್ರ ಮದ್ದು ಕೊಟ್ಟು ಮಾಡಬಹುದು, ಅದು ನಿಜಕ್ಕೂ ಹಗುರ. ಲ್ಯಾಪ್ರೋಸ್ಕೋಪಿಗೆ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ, ಹೆಗಲಿನವರೆಗೆ ನೋವು ಹರಿಯುತ್ತದೆ, ಉಸಿರಾಟಕ್ಕೂ ಒತ್ತುತ್ತದೆ. ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡುವುದು. ನಾನೂ ಹಾಗೇ ಮಾಡುತ್ತೇನೆ.

ಪ್ರಜ್ಞೆ ತಪ್ಪಿಸುವಾಗ ಇಂಥವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೈಯ ರಕ್ತನಾಳಕ್ಕೆ ಮದ್ದು ಕೊಟ್ಟರೆ ಸಾಮಾನ್ಯರು ಅರ್ಧ ನಿಮಿಷದಲ್ಲಿ ಕಣ್ಣು ಮುಚ್ಚುತ್ತಾರೆ. ಪಂಪಿಂಗ್ ಕಡಿಮೆ ಇದ್ದವರಲ್ಲಿ ರಕ್ತ ನಿಧಾನವಾಗಿ ಹರಿಯುವುದರಿಂದ ಮದ್ದು ಮಿದುಳು ಮುಟ್ಟಲು ಒಂದು ನಿಮಿಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಅವರು ಕಣ್ಣು ಬಿಟ್ಟೇ ನಿಮ್ಮನ್ನು ನೋಡುತ್ತಿರುತ್ತಾರೆ. ‘ಸಾಲದೇನೋ’ ಎಂದು ಇನ್ನಷ್ಟು ಕೊಟ್ಟರೆ, ಮೊದಲಿನದ್ದೂ ಆಮೇಲಿನದ್ದೂ ಒಟ್ಟಿಗೆ ಕೆಲಸ ಶುರುಮಾಡಿ ಬಿಪಿ ನೆಲಕ್ಕೆ ಬೀಳುತ್ತದೆ. ನಾನು ಕಲಿಯುವಾಗ ನಮ್ಮ ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿ, ‘ಗಡಿಯಾರ ನೋಡು, ಸಿರಿಂಜ್ ನೋಡಬೇಡ’ ಅಂದಿದ್ದರು. ಇವತ್ತಿಗೂ ಅಂಥವರು ಟೇಬಲ್ಲಿನ ಮೇಲಿದ್ದಾಗ ನನ್ನ ಕಣ್ಣು ಗೋಡೆಯ ಮೇಲಿರುತ್ತದೆ. ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ ಬಡಿತ ಬಡಿತಕ್ಕೂ ಬಿಪಿ ನೋಡುತ್ತಿರುತ್ತೇವೆ. ಹೊಟ್ಟೆಯ ಗ್ಯಾಸಿನ ಒತ್ತಡ ಸಾಮಾನ್ಯವಾಗಿ 12ರಿಂದ 15 ಇಡುತ್ತಾರೆ. ಇಂಥವರಿಗೆ ಅದನ್ನು ಇಳಿಸಿ ಎಂದು ಸರ್ಜನ್ ಹತ್ತಿರ ಕೇಳಿಕೊಳ್ಳುತ್ತೇವೆ. ಅವರಿಗೆ ಒಳಗೆ ಜಾಗ ಇಕ್ಕಟ್ಟಾಗುತ್ತದೆ, ಗೊಣಗುತ್ತಾರೆ, ಇಳಿಸುತ್ತಾರೆ.

ಆದರೆ ಹಾರ್ಟ್ ಫೇಲ್ಯೂರ್ ಇರುವವರು ಟೇಬಲ್ಲಿನ ಮೇಲೆ ತೀರಿಕೊಳ್ಳುವುದು ಅಪರೂಪ. ಮನೆಯವರ ಭಯವೆಲ್ಲ ಆಪರೇಷನ್ ಥಿಯೇಟರ್ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಹೊರಗೆ ಬಂದು ‘ಎಲ್ಲ ಚೆನ್ನಾಗಾಯ್ತು’ ಎಂದ ತಕ್ಷಣ ಊರಿಗೆಲ್ಲ ಫೋನು. ನನಗೆ ಭಯ ಶುರುವಾಗುವುದು ಅಲ್ಲಿಂದ. ಎರಡನೇ, ಮೂರನೇ ರಾತ್ರಿ.

ಯಾಕೆ ಗೊತ್ತಾ? ಆಪರೇಷನ್ ಎಂದರೆ ದೇಹಕ್ಕೆ ಗಾಯ. ಗಾಯವಾದ ದೇಹ ಉಪ್ಪು, ನೀರು ಎರಡನ್ನೂ ಬಿಗಿಹಿಡಿಯುತ್ತದೆ, ಮೂತ್ರ ಕಡಿಮೆ ಮಾಡುತ್ತದೆ. ಕೊಟ್ಟ ಡ್ರಿಪ್ಪಿನ ಒಂದಷ್ಟು ರಕ್ತನಾಳದಿಂದ ಸೋರಿ ಮಾಂಸದ ನಡುವೆ ಕೂತಿರುತ್ತದೆ. ಎರಡು-ಮೂರು ದಿನ ಕಳೆದು ಊತ ಇಳಿಯುವಾಗ ಆ ನೀರು ರಕ್ತಕ್ಕೆ ವಾಪಸ್ ಬರುತ್ತದೆ. ಒಳ್ಳೆಯ ಹೃದಯ ಇದ್ದವರು ಚೆನ್ನಾಗಿ ಮೂತ್ರ ಮಾಡಿ ಕಳೆದುಕೊಳ್ಳುತ್ತಾರೆ. ಇವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ವಾರ್ಡಿನಲ್ಲಿ ಎಷ್ಟು ನೀರು ಒಳಗೆ ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ನಮ್ಮ ಜನ ಎಲ್ಲ ಡ್ರಿಪ್ಪಿಗೂ ‘ಗ್ಲೂಕೋಸ್’ ಎನ್ನುತ್ತಾರೆ. ಬಹಳ ಸಲ ಅದು ಗ್ಲೂಕೋಸ್ ಅಲ್ಲ, ನಾರ್ಮಲ್ ಸಲೈನ್, ಅಂದರೆ ಉಪ್ಪುನೀರು. ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು. ಅರ್ಧ ಲೀಟರ್ ಬಾಟ್ಲಿಗೆ ನಾಲ್ಕೂವರೆ ಗ್ರಾಂ. ಆರೋಗ್ಯವಂತರೂ ದಿನಕ್ಕೆ 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಬಾಟ್ಲಿ ಬಚ್ಚಿಟ್ಟು ಜಗಳ ಮಾಡುವ ನೀವು, ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಬಾಟ್ಲಿ ಉಪ್ಪುನೀರು ಹನಿಯುವುದನ್ನು ನೋಡುತ್ತಾ ಕೂತಿರುತ್ತೀರಿ! ಸಾಲದ್ದಕ್ಕೆ ಲೆಕ್ಕಕ್ಕೇ ಬಾರದ ಸಣ್ಣ ಬಾಟ್ಲಿಗಳು: ಮೆಟ್ರೊನಿಡಜೋಲ್ 100 ಮಿಲಿ, ದಿನಕ್ಕೆ ಮೂರು. ಪ್ಯಾರಾಸಿಟಮಾಲ್ 100 ಮಿಲಿ, ದಿನಕ್ಕೆ ಮೂರೋ ನಾಲ್ಕೋ. ಆಂಟಿಬಯೋಟಿಕ್ ಬೆರೆಸುವ ಸಲೈನ್ ಬೇರೆ. ಇವಿಷ್ಟೇ ಮುಕ್ಕಾಲು ಲೀಟರ್ ಆಗಿಬಿಡುತ್ತದೆ.

ವರ್ಷಗಳ ಹಿಂದೆ ನಾನೇ ಅರಿವಳಿಕೆ ಕೊಟ್ಟಿದ್ದ ಒಬ್ಬ ಅಜ್ಜಿ ನೆನಪಾಗುತ್ತಾರೆ. ಹರ್ನಿಯಾ. ಥಿಯೇಟರಿನಲ್ಲಿ ಒಂದು ಏರುಪೇರೂ ಇಲ್ಲ. ನಾನು ಬೀಗುತ್ತಾ ಮನೆಗೆ ಹೋದೆ. ಮೂರನೇ ರಾತ್ರಿ ಎರಡು ಗಂಟೆಗೆ ಕರೆ ಬಂತು. ಹೋಗಿ ನೋಡಿದರೆ ಅಜ್ಜಿ ಮಂಚದ ತುದಿಗೆ ಕಾಲು ಇಳಿಬಿಟ್ಟು ಕೂತು, ಎರಡೂ ಕೈಯಲ್ಲಿ ಹಾಸಿಗೆ ಹಿಡಿದುಕೊಂಡಿದ್ದಾರೆ. ಮಾತು ಎರಡೆರಡೇ ಪದ. ಮಗಳು ಹೇಳಿದರು, ‘ಸಂಜೆಯಿಂದಲೇ ಮಲಗೋಕೆ ಆಗ್ತಿಲ್ಲ ಅಂತಿದ್ರು, ಗ್ಯಾಸ್ ಅಂತ ಮಾತ್ರೆ ಕೊಟ್ರು.’ ಚಾರ್ಟ್ ತೆಗೆದು ನೋಡಿದೆ. ಒಳಗೆ ಹೋದದ್ದು ದಿನಕ್ಕೆ ಎರಡೂವರೆ ಲೀಟರ್ ಇತ್ತು, ಹೊರಗೆ ಬಂದದ್ದು ಬರೆದೇ ಇರಲಿಲ್ಲ. ನೀರಿನ ಮಾತ್ರೆ ಆಪರೇಷನ್ ದಿನ ನಿಲ್ಲಿಸಿದ್ದು, ಯಾರೂ ಮತ್ತೆ ಶುರುಮಾಡಿರಲಿಲ್ಲ. ಚಾರ್ಟಿನಲ್ಲಿ ‘ಮತ್ತೆ ಶುರುಮಾಡಿ’ ಎಂದು ನಾನೂ ಬರೆದಿರಲಿಲ್ಲ. ಎರಡು ದಿನ ಐಸಿಯುನಲ್ಲಿಟ್ಟು ನೀರು ತೆಗೆದ ಮೇಲೆ ಬದುಕಿಕೊಂಡರು. ಅಂದಿನಿಂದ ಇಂಥವರನ್ನು ಮೂರನೇ ದಿನದವರೆಗೆ ನಾನೇ ಹೋಗಿ ನೋಡುತ್ತೇನೆ.

ಈಗ ಮಾತ್ರೆ. ‘ಆಪರೇಷನ್ ಅಂದ್ರೆ ಎಲ್ಲ ಮಾತ್ರೆ ನಿಲ್ಲಿಸಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೆಟೊಪ್ರೊಲೋಲ್, ಬಿಸೊಪ್ರೊಲೋಲ್, ಕಾರ್ವೆಡಿಲೋಲ್ – ಈ ಮೂರರಲ್ಲಿ ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ಸಾಮಾನ್ಯವಾಗಿ ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಥಟ್ಟನೆ ನಿಲ್ಲಿಸಿದರೆ ಹೃದಯ ಓಡಲು ಶುರುಮಾಡುತ್ತದೆ. ಅದೇ ರೀತಿ, ಮೊದಲು ತೆಗೆದುಕೊಳ್ಳದವರಿಗೆ ಆಪರೇಷನ್ ದಿನ ಹೊಸದಾಗಿ ಇದನ್ನು ಕೊಡಬಾರದು. 2008ರ ‘ಪಾಯ್ಸ್’ ಪ್ರಯೋಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿದರು. ಅದೇ ದಿನ ಶುರುಮಾಡಿದಾಗ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು, ಆದರೆ ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವೆಯಾ ಎಂದು ಡಬ್ಬಿ ತೆಗೆದು ನೋಡಿ. ಬ್ರ್ಯಾಂಡ್ ಹೆಸರು ಹತ್ತಾರು, ಒಳಗಿನ ಮದ್ದಿನ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಇದು ಶುಗರಿಗೆ ಎಂದು ಬಂದ ಮಾತ್ರೆ, ಈಗ ಶುಗರ್ ಇಲ್ಲದ ಹಾರ್ಟ್ ಫೇಲ್ಯೂರಿನವರಿಗೂ ಕೊಡುತ್ತಾರೆ. ಹೃದಯಕ್ಕೆ ಬಹಳ ಒಳ್ಳೆಯದು. ಆದರೆ ಆಪರೇಷನ್ನಿಗೆ ಮೂರು ದಿನ ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸ ಮತ್ತು ಗಾಯದ ಹೊತ್ತಿನಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯವಿದೆ. ಮೋಸ ಎಲ್ಲಿದೆ ಎಂದರೆ, ಆಗ ಶುಗರ್ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೂ ಶುಗರ್ 160 ನೋಡಿ ಎಲ್ಲರೂ ಸುಮ್ಮನಾಗುತ್ತಾರೆ. ನಿಮಗೆ ಶುಗರ್ ಇಲ್ಲ ಎಂದಾಗ ಯಾರೂ ಈ ಮಾತ್ರೆಯ ಬಗ್ಗೆ ಕೇಳುವುದೂ ಇಲ್ಲ. ನೀವೇ ಹೇಳಬೇಕು.

ಸ್ಟೆಂಟ್ ಇರುವವರು ಆಸ್ಪಿರಿನ್ ತಾವಾಗಿ ನಿಲ್ಲಿಸಬಾರದು. ಸಾಮಾನ್ಯವಾಗಿ ಮುಂದುವರಿಸಿಯೇ ಆಪರೇಷನ್ ಮಾಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್, ಅಸಿಟ್ರಾಮ್‌ನಂಥವು ಬೇರೆ ಲೆಕ್ಕ, ಯಾವತ್ತಿನಿಂದ ನಿಲ್ಲಿಸಬೇಕು ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸಕ್ಯೂಬಿಟ್ರಿಲ್-ವಾಲ್ಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆಗಳ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯವಿದೆ. ಬಿಪಿಗೆ ಮಾತ್ರ ತೆಗೆದುಕೊಳ್ಳುವವರಿಗೆ ಒಂದು ದಿನ ಮೊದಲು ನಿಲ್ಲಿಸುವುದು ರೂಢಿ. ಪಂಪಿಂಗ್ ಕಡಿಮೆ ಇರುವವರಿಗೆ ಮುಂದುವರಿಸಿದರೂ ಸರಿ ಎನ್ನುತ್ತದೆ ಅಮೆರಿಕದ 2024ರ ಮಾರ್ಗಸೂಚಿ. ನಾನು ಆ ವಾರದ ಬಿಪಿ ನೋಡಿ ಹೇಳುತ್ತೇನೆ, ಮೇಲಿನ ಅಂಕಿ 100ರ ಆಸುಪಾಸು ಇದ್ದರೆ ಬೆಳಗಿನ ಡೋಸ್ ಬಿಡಿಸುತ್ತೇನೆ. ನೀರಿನ ಮಾತ್ರೆಯೂ ಹಾಗೇ, ಪಾದ ನೋಡಿ ನಿರ್ಧಾರ. ಯಾವುದನ್ನು ನಿಲ್ಲಿಸಿದರೂ ಅದರ ಪಕ್ಕದಲ್ಲೇ ‘ಯಾವಾಗ ಮತ್ತೆ ಶುರು’ ಎಂದು ಬರೆಸಿಕೊಳ್ಳಿ. ಅಜ್ಜಿಯ ಕತೆ ಹೇಳಿದ್ದು ಅದಕ್ಕೇ.

ಉಪವಾಸದ ವಿಷಯ. ಊಟ-ತಿಂಡಿ ಆರು ಗಂಟೆ ಮೊದಲು ನಿಲ್ಲಬೇಕು, ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಕಾಫಿ ನೀರಲ್ಲ! ಹಾಲು ಬಿದ್ದ ಮೇಲೆ ಅದೂ ಆರು ಗಂಟೆಯ ಲೆಕ್ಕವೇ. ‘ಅರ್ಧ ಲೋಟ ಅಷ್ಟೇ ಡಾಕ್ಟ್ರೇ’ ಎಂಬ ಮಾತಿಗೆ ನಾನು ಎಷ್ಟು ಆಪರೇಷನ್ ಮುಂದೂಡಿದ್ದೇನೋ ಲೆಕ್ಕವಿಲ್ಲ. ಇನ್ನೊಂದು: ರಾತ್ರಿ ಹತ್ತಕ್ಕೆ ಬಾಯಿ ಕಟ್ಟಿಸಿ ಮಧ್ಯಾಹ್ನ ಎರಡಕ್ಕೆ ಥಿಯೇಟರಿಗೆ ಕರೆದರೆ ಇಂಥವರು ಒಣಗಿಹೋಗಿ ಬಿಪಿ ಇಳಿಸಿಕೊಂಡು ಬರುತ್ತಾರೆ. ಬೆಳಗಿನ ಮೊದಲ ಕೇಸ್ ಮಾಡಿ ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ.

ಯಾವ ಆಸ್ಪತ್ರೆ ಎಂಬುದು ಈ ಕೇಸಿನಲ್ಲಿ ಯಾವ ಸರ್ಜನ್ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ‘ಹೃದಯದ ತೊಂದರೆ ಅಲ್ವಾ, ಜಯದೇವಕ್ಕೇ ಕರೆದುಕೊಂಡು ಹೋಗೋಣ’ ಎನ್ನುತ್ತಾರೆ. ಅದು ಹೃದ್ರೋಗಕ್ಕೆ ಮೀಸಲಾದ ಸಂಸ್ಥೆ. ನಿಮಗೆ ಬೇಕಾದ್ದು ಜನರಲ್ ಸರ್ಜರಿ ಮತ್ತು ಹೃದಯ ವಿಭಾಗ ಒಂದೇ ಸೂರಿನಡಿ ಇರುವ ಜಾಗ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಇದು ಸಿಗಬಹುದು. ನರ್ಸಿಂಗ್ ಹೋಮಿನಲ್ಲಿ ಸರ್ಜನ್ ಎಷ್ಟೇ ನುರಿತವರಿರಲಿ, ರಾತ್ರಿ ಎರಡಕ್ಕೆ ದಮ್ಮು ಬಂದರೆ ನೋಡುವವರು ಯಾರು, ವೆಂಟಿಲೇಟರ್ ಎಲ್ಲಿದೆ ಎಂದು ಮೊದಲೇ ಕೇಳಿ. ಪೇಸ್‌ಮೇಕರ್ ಅಥವಾ ಶಾಕ್ ಕೊಡುವ ಯಂತ್ರ ಎದೆಯಲ್ಲಿದ್ದವರು ಅದರ ಕಾರ್ಡ್ ತರಬೇಕು. ರಕ್ತ ನಿಲ್ಲಿಸಲು ಬಳಸುವ ಕರೆಂಟ್ ಅದನ್ನು ಗಲಿಬಿಲಿ ಮಾಡುತ್ತದೆ. ಶಾಕ್ ಕೊಡುವುದನ್ನು ಆಪರೇಷನ್ ಹೊತ್ತಿಗೆ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿದ್ದಾರೆ ಎಂದು ಖಚಿತವಾಗುವವರೆಗೆ ಮನೆಗೆ ಹೊರಡಬೇಡಿ.

ಆಪರೇಷನ್ ಆದಮೇಲೆ ನೋವಿಗೆ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಬೇಡ. ಇವು ಉಪ್ಪು-ನೀರು ಹಿಡಿದಿಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ಅಭ್ಯಾಸಬಲದಿಂದ ಬಂದುಬಿಡುತ್ತವೆ, ನೋಡಿಕೊಳ್ಳಿ. ಪ್ಯಾರಾಸಿಟಮಾಲ್ ಮಾತ್ರೆ ಇದೆ, ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಇದೆ, ಬೇಕಾದರೆ ಟ್ರಮಡಾಲ್‌ನಂಥದ್ದನ್ನು ಅಳೆದು ಕೊಡಬಹುದು. ನೋಡಲು ಬರುವ ನೆಂಟರು ಎಳನೀರು ತಂದೇ ತರುತ್ತಾರೆ, ಅರಸೀಕೆರೆ ಕಡೆಯವರಿಗೆ ಹೇಳಬೇಕೇ! ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಸ್ಪೈರೊನೊಲ್ಯಾಕ್ಟೋನ್, ವಾಲ್ಸಾರ್ಟನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರಿರಬಹುದು. ಆಪರೇಷನ್ ನಂತರ ಕಿಡ್ನಿ ಮಂದವಾಗಿದ್ದರೆ ಅದು ಹೃದಯದ ಲಯವನ್ನೇ ತಪ್ಪಿಸಬಹುದು. ರಕ್ತ ಪರೀಕ್ಷೆ ನೋಡಿ ಡಾಕ್ಟರು ಸರಿ ಎನ್ನುವವರೆಗೆ ಎಳನೀರನ್ನು ನೀವೇ ಕುಡಿಯಿರಿ.

ಇವತ್ತಿನಿಂದ ಒಂದು ಕೆಲಸ ಮಾಡಿ. ಒಂದು ತೂಕದ ಯಂತ್ರ ಮನೆಗೆ ತನ್ನಿ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು ತಂದೆಯವರ ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಮೇಷ್ಟ್ರಲ್ವಾ, ಅವರೇ ನೀಟಾಗಿ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ದಿಂಬಿನ ಸಂಖ್ಯೆ. ಅರಿವಳಿಕೆ ಡಾಕ್ಟರನ್ನು ನೋಡಲು ಹೋಗುವಾಗ ಎಕೋ ರಿಪೋರ್ಟಿನ ಜೊತೆ ಆ ಕ್ಯಾಲೆಂಡರ್ ಹಾಳೆಯನ್ನೂ, ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನನಗಾದರೆ ಎಕೋಗಿಂತ ಮೊದಲು ಆ ಹಾಳೆ ಬೇಕು.

ಆಸ್ಪತ್ರೆಯಲ್ಲೂ ದಿನಾ ತೂಕ ನೋಡಿಸಿ. ಆಪರೇಷನ್ ಹಿಂದಿನ ದಿನದ್ದಕ್ಕಿಂತ ಎರಡು ಕೆ.ಜಿ. ಏರಿದರೆ ಅದು ಊಟದ್ದಲ್ಲ, ನೀರು. ಮನೆಗೆ ಬಂದ ಮೇಲೂ ಎರಡು ವಾರ ಬರೆಯುವುದು ನಿಲ್ಲಿಸಬೇಡಿ. ಮಲಗಿದರೆ ಕೆಮ್ಮು, ಕೂತರೆ ಆರಾಮ ಎಂದು ಅವರು ಹೇಳಿದರೆ, ಒಂದು ದಿಂಬು ಎರಡಾದರೆ, ಅದು ಗ್ಯಾಸ್ ಎಂದು ಬೆಳಗಾಗುವವರೆಗೆ ಕಾಯಬೇಡಿ. ಆ ರಾತ್ರಿಯೇ ಗಾಡಿ ಹತ್ತಿಸಿ.